ಫ್ರಾಟರ್ನಿಟಿಯ ಮನೆಗೂ ನಮ್ಮ ಹಾಸ್ಟೆಲ್ಲಿಗೂ ಚರಿತ್ರೆ ಬರೆಯುವ ಬಗೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ನನ್ನ ಮಗಳ ಮಗ ಅಮೆರಿಕದ ಒಹಾಯೊ ರಾಜ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಳೆದ ವರ್ಷ ಅಲ್ಲಿಯ ಒಂದು ‘ಫ್ರಾಟರ್ನಿಟಿ’ಯನ್ನು ಸೇರಿ, ಬಾಗಿಲ ಮೇಲೆ ಗ್ರೀಕ್ ಅಕ್ಷರಗಳನ್ನು ಬರೆದಿರುವ ದೊಡ್ಡ ಮನೆಯೊಂದರಲ್ಲಿ ಇತರ ಹುಡುಗರೊಡನೆ ಇದ್ದಾನೆ. ಆ ‘ಚಾಪ್ಟರ್’ನ ಚರಿತ್ರೆ ಬರೆಯುವ ಕೆಲಸ ಈಗ ಅವನ ಪಾಲಿಗೆ ಬಂದಿದೆಯಂತೆ. “ಅಜ್ಜಿ, ಇತಿಹಾಸ ಕಲಿಸಿದವಳು ನೀನು, ಎಲ್ಲಿಂದ ಶುರು ಮಾಡಲಿ ಹೇಳು” ಎಂದು ಕೇಳುತ್ತಾನೆ. ಇದು ಹಾಸ್ಟೆಲ್ಲೋ, ಸಂಘವೋ, ಅಥವಾ ನಮ್ಮ ಜಾತಿಯಂಥದ್ದೋ ಎಂಬುದೇ ನನಗೆ ತಿಳಿಯುತ್ತಿಲ್ಲ.
— ಓದುಗರೊಬ್ಬರು, ಸತ್ಯನಾರಾಯಣಪೇಟೆ, ಬಳ್ಳಾರಿ

ಉತ್ತರ: ತಾಯಿ, ನೀವು ಕೇಳಿದ ಮೂರೂ ಅದರಲ್ಲಿ ಸ್ವಲ್ಪ ಸ್ವಲ್ಪ ಇವೆ. ಒಟ್ಟಿಗೆ ಉಂಡು ಮಲಗುವುದರಿಂದ ಅದು ಹಾಸ್ಟೆಲ್ಲು. ಅಧ್ಯಕ್ಷ, ಖಜಾಂಚಿ, ವಂತಿಗೆ, ಠರಾವುಗಳಿರುವುದರಿಂದ ಸಂಘ. ಒಳಗಿನವರು ಒಪ್ಪಿದರೆ ಮಾತ್ರ ಹೊರಗಿನವನಿಗೆ ಪ್ರವೇಶ ಸಿಗುವುದರಿಂದ, ಮತ್ತು ಒಮ್ಮೆ ಸೇರಿದವನು ಸಾಯುವವರೆಗೂ ‘ಸಹೋದರ’ ಎನಿಸಿಕೊಳ್ಳುವುದರಿಂದ, ಜಾತಿಯ ನೆನಪು ಬರುವುದೂ ಸಹಜವೇ. ಲ್ಯಾಟಿನ್ ಭಾಷೆಯಲ್ಲಿ ‘ಫ್ರಾಟರ್’ ಎಂದರೆ ಸಹೋದರ. ಹೆಸರು ಹುಟ್ಟಿದ್ದು ಅಲ್ಲಿಂದ.

‘ಚಾಪ್ಟರ್’ ಎಂಬುದನ್ನು ಅಧ್ಯಾಯ ಎಂದು ಅನುವಾದಿಸಿಕೊಂಡರೆ ದಾರಿ ತಪ್ಪುತ್ತದೆ. ಯುರೋಪಿನ ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ಪ್ರತಿದಿನ ಒಂದೆಡೆ ಸೇರಿ ತಮ್ಮ ನಿಯಮಗ್ರಂಥದ ಒಂದು ಅಧ್ಯಾಯವನ್ನು ಓದಿಸಿ ಕೇಳುತ್ತಿದ್ದರು. ಕಾಲ ಕಳೆದಂತೆ ಆ ಕೂಟಕ್ಕೇ ‘ಚಾಪ್ಟರ್’ ಎಂಬ ಹೆಸರು ನಿಂತಿತು. ನಮ್ಮ ಕಡೆಯವರಿಗೆ ಹೇಳಬೇಕೆಂದರೆ ಮೂಲಮಠ ಮತ್ತು ಶಾಖಾಮಠದ ಸಂಬಂಧವನ್ನು ನೆನೆಯಬಹುದು. ಒಂದು ಕಾಲೇಜಿನಲ್ಲಿ ಹುಟ್ಟಿದ ಸಂಘವು ಇನ್ನೊಂದು ಕಾಲೇಜಿನ ಹುಡುಗರಿಗೆ ‘ಚಾರ್ಟರ್’ ಎಂಬ ಸನ್ನದನ್ನು ಕೊಟ್ಟರೆ ಅಲ್ಲೊಂದು ಚಾಪ್ಟರ್ ಆಗುತ್ತದೆ. ಸನ್ನದನ್ನು ಹಿಂದಕ್ಕೆ ಪಡೆದರೆ ಅದು ಮುಚ್ಚುತ್ತದೆ. ಅನೇಕ ಸಂಘಗಳಲ್ಲಿ ಮೊದಲ ಶಾಖೆ ಆಲ್ಫಾ, ಎರಡನೆಯದು ಬೀಟಾ ಎಂದು ಹೆಸರಿಡುತ್ತ ಹೋಗುತ್ತಾರೆ. ಗ್ರೀಕ್ ವರ್ಣಮಾಲೆಯಲ್ಲಿರುವುದು 24 ಅಕ್ಷರ. ಅವು ಮುಗಿದ ಮೇಲೆ ಎರಡೆರಡು ಅಕ್ಷರ ಕೂಡಿಸುತ್ತಾರೆ. ಕೊನೆಯ ಅಕ್ಷರವಾದ ಒಮೆಗಾವನ್ನು ಹಲವು ಸಂಘಗಳು ಯಾವ ಕಾಲೇಜಿಗೂ ಕೊಡದೆ, ತೀರಿಕೊಂಡ ಸದಸ್ಯರೆಲ್ಲರ ಶಾಖೆ ಎಂದು ಕಾದಿರಿಸಿವೆ. ನನಗೆ ಈ ಪದ್ಧತಿ ಬಹಳ ಹಿಡಿಸಿತು.

ಇವುಗಳ ಮೊದಲ ಹೆಜ್ಜೆ 1776ರ ಡಿಸೆಂಬರ್ 5ರಂದು, ಅಮೆರಿಕ ಸ್ವಾತಂತ್ರ್ಯ ಸಾರಿದ ಅದೇ ವರ್ಷ, ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಮೂಡಿತು. ಐವರು ವಿದ್ಯಾರ್ಥಿಗಳು ಕೂಡಿ ‘ಫೈ ಬೀಟಾ ಕಪ್ಪಾ’ ಎಂಬ ಗುಪ್ತ ಸಂಘವನ್ನು ಕಟ್ಟಿದರು. ಜ್ಞಾನದ ಪ್ರೀತಿಯೇ ಬದುಕಿನ ಚುಕ್ಕಾಣಿ ಎಂಬರ್ಥದ ಗ್ರೀಕ್ ವಾಕ್ಯದ ಮೊದಲಕ್ಷರಗಳು ಅವು. ಅವರ ಸಭೆಗಳ ನಡಾವಳಿ ಪುಸ್ತಕ ಇಂದಿಗೂ ಉಳಿದಿದೆ. ಆಫ್ರಿಕನ್ನರ ಗುಲಾಮಗಿರಿ ನ್ಯಾಯವೇ ಎಂಬ ಪ್ರಶ್ನೆಯನ್ನು ಆ ಹುಡುಗರು ಚರ್ಚೆಗೆ ಎತ್ತಿಕೊಂಡಿದ್ದರೆಂಬುದು ಅದರಿಂದಲೇ ತಿಳಿದುಬರುತ್ತದೆ. 1781ರಲ್ಲಿ ಯುದ್ಧ ವರ್ಜೀನಿಯಾಕ್ಕೆ ಬಂದಾಗ ಆ ಮೂಲಶಾಖೆ ನಿಂತೇಹೋಯಿತು. ಆದರೆ ಅಷ್ಟರೊಳಗೆ ಯೇಲ್ ಮತ್ತು ಹಾರ್ವರ್ಡ್ ಕಾಲೇಜುಗಳಿಗೆ ಸನ್ನದು ಹೋಗಿತ್ತು. ಬೇರು ಒಣಗಿದ ಮೇಲೂ ಬಿಳಲುಗಳು ನೆಲಕ್ಕಿಳಿದು ಆಲದ ಮರವನ್ನು ಉಳಿಸಿದ ಹಾಗೆ, ಸಂಘ ಬದುಕಿಕೊಂಡಿತು. ಮುಂದೆ ಅದು ಗುಟ್ಟನ್ನು ಬಿಟ್ಟು, ಓದಿನಲ್ಲಿ ಮುಂದಿರುವವರನ್ನು ಗೌರವಿಸುವ ಸಂಸ್ಥೆಯಾಯಿತು.

ನಿಮ್ಮ ಮೊಮ್ಮಗ ಸೇರಿರುವ ಬಗೆಯ ಸಂಘಗಳ ಸಾಲು ಹಿಡಿಯುವುದು 1825ರಲ್ಲಿ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನ ‘ಕಪ್ಪಾ ಆಲ್ಫಾ ಸೊಸೈಟಿ’ಯಿಂದ. ಅಲ್ಲಿಂದ ಅದು ಬೇಗನೆ ಪಶ್ಚಿಮಕ್ಕೆ ಹಬ್ಬಿತು. ಮೊಮ್ಮಗನಿಗೆ ಒಂದು ಸಂಗತಿಯನ್ನು ತಪ್ಪದೆ ತಿಳಿಸಿ: ಅವನಿರುವ ಒಹಾಯೊ ರಾಜ್ಯದಲ್ಲೇ ಮಿಯಾಮಿ ವಿಶ್ವವಿದ್ಯಾಲಯವಿದೆ, ಫ್ಲೋರಿಡಾದ ಮಿಯಾಮಿ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ, ಮತ್ತು 1839ರಲ್ಲಿ ಬೀಟಾ ಥೀಟಾ ಪೈ, 1848ರಲ್ಲಿ ಫೈ ಡೆಲ್ಟಾ ಥೀಟಾ, 1855ರಲ್ಲಿ ಸಿಗ್ಮಾ ಕೈ ಎಂಬ ಮೂರು ದೊಡ್ಡ ಸಂಘಗಳು ಹುಟ್ಟಿದ್ದು ಆ ಒಂದೇ ಅಂಗಳದಲ್ಲಿ. ಹೆಣ್ಣುಮಕ್ಕಳ ಸಂಘಗಳು ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಬಂದವು. ಅವಕ್ಕೆ ‘ಸೊರಾರಿಟಿ’ ಎಂಬ ಹೆಸರು ಬಿದ್ದದ್ದು ಇನ್ನೂ ಕೆಲವು ವರ್ಷಗಳ ಮೇಲೆ.

ಇಷ್ಟು ಪೀಠಿಕೆ. ಚರಿತ್ರೆ ಬರೆಯುವವನಿಗೆ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ ಮುಂದೆ. ಇಂಥ ಮನೆಯ ಚರಿತ್ರೆ ಬರೆಯಲು ಕುಳಿತವರೆಲ್ಲ ಮೊದಲು ಅಧ್ಯಕ್ಷರ ಪಟ್ಟಿ, ಗೆದ್ದ ಕಪ್ಪುಗಳು, ದೊಡ್ಡ ಹುದ್ದೆಗೇರಿದ ಹಳೆಯ ಸದಸ್ಯರು ಎಂದು ಹೊರಡುತ್ತಾರೆ. ಅದೂ ಬೇಕು. ಆದರೆ ಆ ಮನೆಯ ಬಾಗಿಲು ಯಾವ ಯಾವ ವರ್ಷ ಯಾರಿಗೆ ತೆರೆಯಿತು, ಯಾರ ಮುಖಕ್ಕೆ ಮುಚ್ಚಿತು ಎಂಬುದನ್ನು ಬರೆಯದ ಹೊರತು ಅದು ಚರಿತ್ರೆಯಾಗದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಅನೇಕ ಫ್ರಾಟರ್ನಿಟಿಗಳ ನಿಯಮಾವಳಿಯಲ್ಲಿ ಬಿಳಿಯ ಕ್ರೈಸ್ತರಿಗೆ ಮಾತ್ರ ಪ್ರವೇಶ ಎಂಬ ಅರ್ಥದ ಮಾತು ಅಚ್ಚಾಗಿಯೇ ಇತ್ತು. ಹೊರಗುಳಿದವರು ತಮ್ಮದೇ ಮನೆ ಕಟ್ಟಿಕೊಂಡರು. ಯೆಹೂದಿ ವಿದ್ಯಾರ್ಥಿಗಳ ‘ಜೀಟಾ ಬೀಟಾ ಟೌ’ 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹುಟ್ಟಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1904-05ರ ಸಾಲಿನಲ್ಲಿ ಓದುತ್ತಿದ್ದ ಆರು ಮಂದಿ ಕಪ್ಪು ವಿದ್ಯಾರ್ಥಿಗಳು ಮರುವರ್ಷ ಹಿಂದಿರುಗಿ ಬರಲೇ ಇಲ್ಲ. ಅದನ್ನು ಕಂಡು, ಮುಂದಿನವರಿಗೆ ಹಾಗಾಗಬಾರದೆಂದು ಒಟ್ಟಿಗೆ ಕೂತು ಓದತೊಡಗಿದ ಗುಂಪಿನಿಂದ 1906ರ ಡಿಸೆಂಬರ್ 4ರಂದು ಏಳು ಜನ ‘ಆಲ್ಫಾ ಫೈ ಆಲ್ಫಾ’ವನ್ನು ಕಟ್ಟಿದರು. ಬಾಸ್ಟನ್ನಿನಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ 1952ರಲ್ಲಿ ಸೇರಿದ್ದು ಈ ಸಂಘದ ಅಲ್ಲಿಯ ಸಿಗ್ಮಾ ಶಾಖೆಯನ್ನು. 1990ರ ದಶಕದಲ್ಲಿ ನಮ್ಮ ದೇಶದಿಂದ ಹೋದವರ ಮಕ್ಕಳೂ ಇದೇ ದಾರಿ ಹಿಡಿದು, 1994ರಲ್ಲಿ ಬಿಂಗ್‌ಹ್ಯಾಮ್ಟನ್ನಿನಲ್ಲಿ ‘ಅಯೋಟಾ ನ್ಯೂ ಡೆಲ್ಟಾ’ವನ್ನೂ 1998ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ‘ಡೆಲ್ಟಾ ಎಪ್ಸಿಲಾನ್ ಸೈ’ಯನ್ನೂ ಸ್ಥಾಪಿಸಿದರು.

ಬಾಗಿಲನ್ನು ಒಳಗಿನಿಂದಲೇ ತೆರೆಯಲು ಹೊರಟ ಒಂದು ಶಾಖೆಯ ಕಥೆಯೂ ಇದೆ. 1948ರಲ್ಲಿ ಮ್ಯಾಸಚೂಸೆಟ್ಸಿನ ಆ್ಯಮ್‌ಹರ್ಸ್ಟ್ ಕಾಲೇಜಿನ ‘ಫೈ ಕಪ್ಪಾ ಸೈ’ ಶಾಖೆಯ ಹುಡುಗರು ಕಪ್ಪು ಜನಾಂಗದ ತಮ್ಮ ಸಹಪಾಠಿಯೊಬ್ಬನನ್ನು ಸೇರಿಸಿಕೊಳ್ಳಲು ನಿಶ್ಚಯಿಸಿದರು. ರಾಷ್ಟ್ರೀಯ ಸಂಘ ಸನ್ನದನ್ನು ಕಿತ್ತುಕೊಂಡಿತು. ಹುಡುಗರು ಗೆಳೆಯನನ್ನು ಬಿಡಲಿಲ್ಲ, ಸನ್ನದನ್ನು ಬಿಟ್ಟರು, ಮತ್ತು ಹೆಸರಿನಲ್ಲಿ ಒಂದಕ್ಷರ ಬದಲಿಸಿಕೊಂಡು ಸ್ವತಂತ್ರ ಮನೆಯಾಗಿ ಮುಂದುವರಿದರು. ಒಂದು ಚಾಪ್ಟರಿನ ಚರಿತ್ರೆಗೆ ಇದಕ್ಕಿಂತ ತೂಕದ ಪುಟ ನನಗೆ ಗೊತ್ತಿಲ್ಲ.

ನಿಮ್ಮ ಮೊಮ್ಮಗ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸದಸ್ಯತ್ವದ ಪುಸ್ತಕವನ್ನು. ದೀಕ್ಷೆಯ ದಿನ ಪ್ರತಿಯೊಬ್ಬನೂ ಅದರಲ್ಲಿ ಸಹಿ ಹಾಕುವ ವಾಡಿಕೆ ಇರುತ್ತದೆ. ಸಹಿಗಳು ಯಾವ ವರ್ಷ ತೆಳ್ಳಗಾದವು ಎಂಬುದನ್ನು ನೋಡಿದರೆ ಎರಡು ಮಹಾಯುದ್ಧಗಳ ನೆರಳು ತಾನಾಗಿ ಕಾಣುತ್ತದೆ. 1942ರಿಂದ 1945ರವರೆಗೆ ಹುಡುಗರು ಸೈನ್ಯಕ್ಕೆ ಹೋಗಿ ಎಷ್ಟೋ ಶಾಖೆಗಳು ಬೀಗ ಹಾಕಿಕೊಂಡಿದ್ದವು. ಎರಡನೆಯದು ಪಡಸಾಲೆಯ ಗೋಡೆಗಳಲ್ಲಿ ತೂಗುವ ವಾರ್ಷಿಕ ಭಾವಚಿತ್ರ. ಪ್ರತಿ ಸದಸ್ಯನ ಪುಟ್ಟ ಮುಖವನ್ನು ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ಕೂರಿಸಿ, ಕೆಳಗೆ ಹೆಸರು ಬರೆದು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಜೋಡಿಸಿರುತ್ತಾರೆ. ವರ್ಷದ ಕ್ರಮದಲ್ಲಿ ಅವುಗಳ ಮುಂದೆ ನಡೆದುಕೊಂಡು ಹೋಗಿ, ಬೇರೆ ಬಣ್ಣದ ಮುಖ ಮೊದಲು ಕಾಣುವುದು ಯಾವ ವರ್ಷ, ಬೇರೆ ಬಗೆಯ ಮನೆತನದ ಹೆಸರು ಮೊದಲು ಕಾಣುವುದು ಯಾವ ವರ್ಷ ಎಂದು ಗುರುತು ಹಾಕಿಕೊಳ್ಳಲಿ. ಅವನ ಮುಖವೂ ಆ ಸಾಲಿನಲ್ಲಿ ಈಗ ಒಂದು.

ಮೂರನೆಯದು ಅಮೆರಿಕದ ಜನಗಣತಿ. ಅಲ್ಲಿ ಗಣತಿಯ ಮೂಲ ಹಾಳೆಗಳನ್ನು 72 ವರ್ಷಗಳ ನಂತರ ಸಾರ್ವಜನಿಕರಿಗೆ ಬಿಡುತ್ತಾರೆ. 1950ರ ಹಾಳೆಗಳು 2022ರ ಏಪ್ರಿಲ್ 1ರಂದು ತೆರೆದಿವೆ. ಮನೆಯ ವಿಳಾಸ ಹಿಡಿದು ಹುಡುಕಿದರೆ ಅಂದು ಅಲ್ಲಿ ವಾಸವಾಗಿದ್ದವರ ಹೆಸರು, ವಯಸ್ಸು, ವರ್ಣ, ಹುಟ್ಟಿದ ರಾಜ್ಯ, ಮಾಡುತ್ತಿದ್ದ ಕೆಲಸ ಸಿಗುತ್ತವೆ. ಹುಡುಗರ ಹೆಸರುಗಳ ಜೊತೆಗೆ, ಆ ಮನೆಯಲ್ಲೇ ಇದ್ದು ಹುಡುಗರನ್ನು ನೋಡಿಕೊಳ್ಳುತ್ತಿದ್ದ ‘ಹೌಸ್ ಮದರ್’ ಎಂಬ ಹಿರಿಯ ಹೆಂಗಸಿನ ಹೆಸರೂ ಅಡುಗೆಯವರ ಹೆಸರೂ ಅಲ್ಲಿರಬಹುದು. ಸಂಘದ ಯಾವ ಪುಸ್ತಕದಲ್ಲೂ ಅವರು ಸಹಿ ಹಾಕಿರುವುದಿಲ್ಲ. ಆ ಹೆಸರುಗಳು ದೊರೆತರೆ ಅಧ್ಯಕ್ಷರ ಹೆಸರುಗಳಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚಾಗಲಿ ಎಂದು ಅಜ್ಜಿಯ ಅಧಿಕಾರದಿಂದ ನೀವೇ ಅವನಿಗೆ ಹೇಳಬೇಕು.

ಪ್ರಶ್ನೆ: ಫ್ರಾಟರ್ನಿಟಿಗಳಲ್ಲಿ ನಡೆಯುವ ‘ಹೇಜಿಂಗ್’ ಎಂಬುದು ನಮ್ಮ ರ್‍ಯಾಗಿಂಗೇ ಅಲ್ಲವೇ? ನನ್ನ ತಮ್ಮನ ಮಗ ಅಲ್ಲಿಗೆ ಓದಲು ಹೊರಟಿದ್ದಾನೆ, ಅದಕ್ಕೆ ಕೇಳುತ್ತಿದ್ದೇನೆ.
— ಓದುಗರೊಬ್ಬರು, ಭಾಗ್ಯನಗರ, ಕೊಪ್ಪಳ

ಉತ್ತರ: ಕ್ರೌರ್ಯ ಒಂದೇ, ಕಟ್ಟು ಬೇರೆ. ರ್‍ಯಾಗಿಂಗ್ ಹೊಸದಾಗಿ ಕಾಲೇಜಿಗೆ ಬಂದ ಯಾರ ಮೇಲೂ ನಡೆಯಬಹುದು. ಹೇಜಿಂಗ್ ನಡೆಯುವುದು ಗುಂಪಿಗೆ ಸೇರಬೇಕೆಂಬ ಆಸೆಯಿಂದ ತಾನಾಗಿ ಬಂದವನ ಮೇಲೆ. ‘ಪ್ಲೆಡ್ಜ್’ ಎಂದು ಕರೆಯುವ ಉಮೇದುವಾರಿಕೆಯ ವಾರಗಳಲ್ಲಿ ನಿದ್ದೆಗೆಡಿಸುವುದು, ಹೊಡೆಯುವುದು, ಮಿತಿಮೀರಿ ಮದ್ಯ ಕುಡಿಸುವುದು ಇವೆಲ್ಲ ಪರೀಕ್ಷೆಯ ಹೆಸರಿನಲ್ಲಿ ನಡೆದಿವೆ, ಹುಡುಗರು ಸತ್ತಿದ್ದಾರೆ. ತಾನೇ ಒಪ್ಪಿ ಬಂದಿದ್ದಾನೆ ಎಂಬ ಮಾತಿನ ಹಿಂದೆ ತಪ್ಪಿತಸ್ಥರು ಬಹುಕಾಲ ಅಡಗಿಕೊಂಡರು. ಒಹಾಯೊ ರಾಜ್ಯವು 2021ರಲ್ಲಿ ಕಾನೂನನ್ನು ಬಿಗಿಗೊಳಿಸಿ, ಬಲವಂತದ ಮದ್ಯಸೇವನೆಯಿಂದ ತೀವ್ರ ಹಾನಿಯಾಗುವಂಥ ಹೇಜಿಂಗನ್ನು ಘೋರ ಅಪರಾಧಗಳ ಸಾಲಿಗೆ ಸೇರಿಸಿತು. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಿದ್ದು, ಯಾವ ಸಂಘ ತಪ್ಪು ಮಾಡಿದೆ ಎಂಬುದನ್ನು ಕಾಲೇಜುಗಳೇ ಬಹಿರಂಗವಾಗಿ ಪ್ರಕಟಿಸಬೇಕಾಗಿದೆ. ಸೇರುವ ಮುನ್ನ ಹುಡುಗ ಆ ಪ್ರಕಟಣೆಯನ್ನು ಓದಲಿ. ನಮ್ಮಲ್ಲಿ ಯುಜಿಸಿ 2009ರಲ್ಲಿ ಮಾಡಿದ ರ್‍ಯಾಗಿಂಗ್ ತಡೆ ನಿಯಮಗಳ ಪ್ರಕಾರ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು. ಅಲ್ಲಿ ಮುಚ್ಚಳಿಕೆಗಿಂತ ಈ ಪ್ರಕಟಣೆಯ ಬಲವೇ ಹೆಚ್ಚು.

ಪ್ರಶ್ನೆ: ರಾಯಚೂರಿನಲ್ಲಿ ನಾವು ಓದಿದ ಒಂದು ಉಚಿತ ಹಾಸ್ಟೆಲ್ಲಿನ ಹಳೆಯ ವಿದ್ಯಾರ್ಥಿಗಳು ಸೇರಿ ಸ್ಮರಣ ಸಂಚಿಕೆ ತರುವವರಿದ್ದೇವೆ. ಹಾಸ್ಟೆಲ್ಲು ನಿಜಾಮರ ಕಾಲದ್ದು. ಟ್ರಂಕಿನಲ್ಲಿ ಹಳೆಯ ಲೆಕ್ಕದ ಪುಸ್ತಕಗಳು ಸಿಕ್ಕಿವೆ, ಆದರೆ ಉರ್ದುವಿನಲ್ಲಿವೆ, ಇಸವಿಗಳೂ ವಿಚಿತ್ರವಾಗಿವೆ. ಅವು ಉಪಯೋಗಕ್ಕೆ ಬರುತ್ತವೆಯೇ, ಅಥವಾ ದಾನಿಗಳ ವಿವರ ಮತ್ತು ಹಿರಿಯರ ಲೇಖನಗಳು ಸಾಕೇ?
— ಓದುಗರೊಬ್ಬರು, ನಿಜಲಿಂಗಪ್ಪ ಕಾಲೋನಿ, ರಾಯಚೂರು

ಉತ್ತರ: ಆ ಟ್ರಂಕನ್ನು ದಯವಿಟ್ಟು ತೂಕಕ್ಕೆ ಹಾಕಬೇಡಿ. ನಿಮ್ಮ ಸಂಚಿಕೆಯ ಜೀವ ಅದರಲ್ಲಿದೆ.

ರಾಯಚೂರು, ಕೊಪ್ಪಳದ ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತದ ಭಾಷೆ ಉರ್ದುವಾಗಿತ್ತು. ಬಳ್ಳಾರಿಯವರಾದ ನಮ್ಮದು ಮದ್ರಾಸ್ ಪ್ರಾಂತ್ಯ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ತುಂಗಭದ್ರಾ ಹೊಳೆಯ ಈಚೆ ದಡದ ಹಾಸ್ಟೆಲ್ಲಿನ ದಾಖಲೆಗೂ ಆಚೆ ದಡದ್ದಕ್ಕೂ ಭಾಷೆ, ನಾಣ್ಯ, ಇಸವಿ ಮೂರೂ ಬೇರೆಯಾಗಿದ್ದುದು ಈ ಕಾರಣದಿಂದ. ನಿಮಗೆ ವಿಚಿತ್ರವೆನಿಸಿದ ಇಸವಿ ಫಸಲಿ ಇಸವಿ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಆದರೆ ಹೈದರಾಬಾದಿನ ಫಸಲಿ ವರ್ಷ ಆಝರ್ ತಿಂಗಳಿಂದ, ಅಂದರೆ ಅಕ್ಟೋಬರಿನಲ್ಲಿ, ಶುರುವಾಗುತ್ತಿದ್ದುದರಿಂದ ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. ಪುಸ್ತಕದಲ್ಲಿ 1357 ಎಂದಿದ್ದರೆ ಅದು 1947ರ ಅಕ್ಟೋಬರಿನಿಂದ 1948ರ ಸೆಪ್ಟೆಂಬರ್‌ವರೆಗಿನ ವರ್ಷ. ರಜಾಕಾರರ ಹಾವಳಿಯ ವರ್ಷ. ಆ ವರ್ಷ ಎಷ್ಟು ಹುಡುಗರು ಹಾಸ್ಟೆಲ್ಲು ಬಿಟ್ಟು ಊರಿಗೆ ಹೋದರು, ಎಷ್ಟು ಮಂದಿ ಗಡಿ ದಾಟಿ ಈಚೆಗೆ ಬಂದರು ಎಂಬುದನ್ನು ಊಟದ ಲೆಕ್ಕವೇ ಹೇಳೀತು. ಅದನ್ನು ಯಾವ ಹಿರಿಯರ ಲೇಖನವೂ ಅಷ್ಟು ಖಚಿತವಾಗಿ ಹೇಳಲಾರದು.

ದುಡ್ಡಿನ ಲೆಕ್ಕ ಓದುವಾಗಲೂ ಎಚ್ಚರ ಬೇಕು. ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿ ಬ್ರಿಟಿಷ್ ರೂಪಾಯಿಗಿಂತ ಕಡಿಮೆ ಬೆಲೆಯದು. ಏಳು ಹಾಲಿ ರೂಪಾಯಿ ಆರು ಬ್ರಿಟಿಷ್ ರೂಪಾಯಿಗೆ ಸಮ. 1957ರ ಏಪ್ರಿಲ್‌ಗೆ ಮುಂಚಿನ ಪುಟಗಳಲ್ಲಿ ಆಣೆ, ಪೈ ಇರುತ್ತವೆ, ಧಾನ್ಯ ಸೇರು, ಮಣದಲ್ಲಿರುತ್ತದೆ. ಉರ್ದು ಓದಬಲ್ಲ ಹಿರಿಯರು ರಾಯಚೂರಿನ ಓಣಿ ಓಣಿಯಲ್ಲೂ ಇದ್ದಾರೆ. ಮೋಡಿ ಬರಹದಂತೆ ಕೂಡಿಸಿ ಬರೆದ ಶಿಕಸ್ತಾ ಅಕ್ಷರವಾದರೆ ಮಾತ್ರ, ಹಳೆಯ ಕಂದಾಯ ಕಾಗದ ಓದಿ ರೂಢಿಯಿರುವವರನ್ನೇ ಹಿಡಿಯಬೇಕಾಗುತ್ತದೆ.

ಈ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಕಾರಣವಿದೆ. ನಾನು ಹೈಸ್ಕೂಲು ಓದಿದ್ದು ಬಳ್ಳಾರಿ ಜಿಲ್ಲೆಯ ಒಂದು ಉಚಿತ ಹಾಸ್ಟೆಲ್ಲಿನಲ್ಲಿದ್ದುಕೊಂಡು, 1972-73ರ ಬರಗಾಲದ ದಿನಗಳಲ್ಲಿ. ಸೇರುವಾಗ ಪ್ರತಿ ಮನೆಯವರು ಒಂದು ಚೀಲ ಜೋಳ ತಂದು ಹಾಕಬೇಕಿತ್ತು. ಆ ವರ್ಷ ಅರ್ಧಕ್ಕರ್ಧ ಹುಡುಗರ ಮನೆಯಿಂದ ಚೀಲ ಬರಲಿಲ್ಲ. ಆದರೂ ಯಾರನ್ನೂ ಹೊರಗೆ ಹಾಕಲಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ನಾವು ಏಳುತ್ತಿದ್ದೆವು. ಅಡುಗೆ ಮಾಡುತ್ತಿದ್ದ ಅಮ್ಮ ಆ ಬೇಸಿಗೆಯಲ್ಲಿ ರೊಟ್ಟಿಗಳನ್ನು ತೆಳ್ಳಗೆ ಬಡಿದು ಎಣಿಕೆ ಹೆಚ್ಚಿಸುತ್ತಿದ್ದಳು, ಪುಂಡಿಪಲ್ಯಕ್ಕೆ ನೀರು ಹೆಚ್ಚು ಬಿಡುತ್ತಿದ್ದಳು, ಮತ್ತು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದು ದಿನದ ಲೆಕ್ಕ ಇಡುತ್ತಿದ್ದಳು. ಬರೆಯಲು ಬಾರದ ಅವಳ ಆ ಗೋಡೆಯೇ ಆ ವರ್ಷದ ನಿಜವಾದ ದಾಖಲೆಯಾಗಿತ್ತು. ಮುಂದೆ ಸುಣ್ಣ ಬಳಿದರು.

ಅದೇ ಹಾಸ್ಟೆಲ್ಲಿನ ಸ್ಮರಣ ಸಂಚಿಕೆ ಬಂದಾಗ ಆಸೆಯಿಂದ ತೆರೆದು ನೋಡಿದೆ. ಅಧ್ಯಕ್ಷರು, ದಾನಿಗಳು, ಮಂತ್ರಿಗಳ ಸಂದೇಶ ಎಲ್ಲ ಇದ್ದವು. ಆ ತಾಯಿಯ ಹೆಸರು ಎಲ್ಲಿಯೂ ಇರಲಿಲ್ಲ. ನನಗೂ ಅವಳ ಹೆಸರು ಗೊತ್ತಿಲ್ಲ. ‘ರೊಟ್ಟಿ ಅಮ್ಮ’ ಎಂದಷ್ಟೇ ಕರೆಯುತ್ತಿದ್ದೆವು, ಇದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಇನ್ನೊಂದು ಮಾತು. ‘ಸಕಲ ಬಡ ವಿದ್ಯಾರ್ಥಿಗಳಿಗೂ ಆಶ್ರಯ’ ಎಂದು ಆ ಸಂಚಿಕೆಯ ಮೊದಲ ಪುಟದಲ್ಲೇ ಅಚ್ಚಾಗಿತ್ತು. ಆದರೆ ನನ್ನ ಬೆಂಚಿನಲ್ಲೇ ಕೂರುತ್ತಿದ್ದ, ನನಗಿಂತ ಜಾಣನಾಗಿದ್ದ ಗೆಳೆಯನೊಬ್ಬನಿಗೆ ಅಲ್ಲಿ ಜಾಗ ಸಿಕ್ಕಿರಲಿಲ್ಲ, ಏಕೆಂದರೆ ಹಾಸ್ಟೆಲ್ಲು ಒಂದು ಸಮಾಜದ್ದು, ಅವನು ಇನ್ನೊಂದು ಸಮಾಜದವನು. ಅವನು ದಿನಾಲು ಮೂರು ಹರದಾರಿ ನಡೆದು ಬರುತ್ತಿದ್ದ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಬರುವುದು ನಿಂತಿತು.

ಸಮಾಜಗಳ ಹೆಸರಿನ ಹಾಸ್ಟೆಲ್ಲುಗಳು ಹುಟ್ಟಿದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. 1901ರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಮರಾಠಾ ಹುಡುಗರ ಬೋರ್ಡಿಂಗಿನಿಂದ ಮೊದಲಿಟ್ಟು ಒಂದೊಂದು ಸಮುದಾಯಕ್ಕೂ ವಸತಿ ಒದಗಿಸುತ್ತ ಹೋದದ್ದು, ಓದಿನಿಂದ ದೂರ ಉಳಿದವರನ್ನು ಪೇಟೆಗೆ ಕರೆತರಲೆಂದೇ. ನಮ್ಮ ಬಳ್ಳಾರಿಯಲ್ಲಿ 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘವು 1945ರಲ್ಲಿ ಕಾಲೇಜು ತೆರೆಯದಿದ್ದರೆ ಈ ಸೀಮೆಯ ಎಷ್ಟೋ ಜನ ಪದವಿಯ ಮುಖವನ್ನೇ ಕಾಣುತ್ತಿರಲಿಲ್ಲ. ಇಂದು ಕೊಪ್ಪಳದ ಗವಿಮಠದ ನೆರಳಿನಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದಾರೆ. ನಿಮ್ಮ ಹಾಸ್ಟೆಲ್ಲೂ ಒಳ್ಳೆಯದನ್ನು ಮಾಡಿದೆ, ಅದನ್ನು ಹೆಮ್ಮೆಯಿಂದ ಬರೆಯಿರಿ. ಅದರ ಪಕ್ಕದಲ್ಲೇ ದಾಖಲಾತಿ ಪುಸ್ತಕ ತೆರೆದಿಟ್ಟುಕೊಂಡು, ಯಾವ ಯಾವ ಊರಿನ, ಯಾವ ಯಾವ ಕಸುಬಿನವರ ಮಕ್ಕಳು ಎಷ್ಟೆಷ್ಟು ಮಂದಿ ಇದ್ದರು ಎಂದು ಎಣಿಸಿ ಒಂದು ಪುಟ ಕೊಡಿ. ಮೊದಲ ಸಲ ಬೇರೆ ಸಮಾಜದ ಹುಡುಗ ಸೇರಿದ ವರ್ಷ ಯಾವುದು ಎಂಬುದನ್ನೂ ಕೊಡಿ. ಅಂಥ ವರ್ಷವೇ ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ.

ಅಡುಗೆಯವರು, ನೀರು ತರುತ್ತಿದ್ದವರು, ರಾತ್ರಿ ಕಾವಲುಗಾರರು ಇವರ ಮಕ್ಕಳು ಮೊಮ್ಮಕ್ಕಳು ಅದೇ ಓಣಿಗಳಲ್ಲಿ ಸಿಗುತ್ತಾರೆ. ಸಂಚಿಕೆಯ ಸಮಿತಿಯ ಒಬ್ಬರು ಹಾಜರಿ ಪುಸ್ತಕದ ಸಂಬಳದ ಪುಟಗಳನ್ನು ನೋಡಿ ಹೆಸರು ಪಟ್ಟಿ ಮಾಡಿಕೊಂಡು, ಈ ತಿಂಗಳೇ ಅವರ ಮನೆಗಳಿಗೆ ಹೋಗಿ ಬರಲಿ. ಇನ್ನು ಪಡಸಾಲೆಯಲ್ಲಿ ತೂಗುಹಾಕಿರುವ ಹಳೆಯ ಗುಂಪು ಫೋಟೋಗಳನ್ನು ಸ್ಕ್ಯಾನಿಂಗ್‌ಗೆ ಬಿಚ್ಚುವಾಗ ಹಿಂದಿನ ರಟ್ಟನ್ನು ಎಸೆಯಬೇಡಿ. ಹೆಸರುಗಳನ್ನು ಸ್ಟುಡಿಯೋದವರು ಪೆನ್ಸಿಲ್ಲಿನಲ್ಲಿ ಬರೆದಿರುವುದು ಸಾಮಾನ್ಯವಾಗಿ ಅದರ ಒಳಮೈಯಲ್ಲೇ.